ಬೊಜ್ಜು ಇಳೀಬೇಕು, ಮಸಲ್ ಹೋಗಬಾರ್ದು: ರೊಟ್ಟಿ ಅನ್ನ ಉಣ್ಣೋ ಮನೇಲಿ ಡಯಟ್ ಹೆಂಗೆ?

ಕುಂದವಾಡ_ಕೆರೆ_ವಾಕರ್:
ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆಯವ್ನು, ವಯಸ್ಸು 32, ಹೈಟ್ 5 ಅಡಿ 8 ಇಂಚು, ತೂಕ 84 ಕೆಜಿ. ವಾರಕ್ಕೆ ನಾಲ್ಕು ದಿನ ಜಿಮ್ ಮಾಡ್ತೀನಿ, ಎದೆ ಭುಜ ಚೆನ್ನಾಗೇ ಬಂದೈತೆ, ಆದ್ರೆ ಹೊಟ್ಟೆ ಸುತ್ತ ಇರೋ ಬೊಜ್ಜು ಮಾತ್ರ ಹಂಗೇ ಕೂತೈತೆ. ಜಿಮ್‌ನಲ್ಲಿ ಒಬ್ರು ಅನ್ನ ರೊಟ್ಟಿ ಪೂರ್ತಿ ಬಿಡು, ಓಟ್ಸು ಬ್ರೊಕೋಲಿ ತಿನ್ನು ಅಂತಾರೆ. ನಮ್ಮನೇಲಿ ದಿನಾ ಜೋಳದ ರೊಟ್ಟಿ, ಕಾಳು ಪಲ್ಯ, ಅನ್ನ ಸಾರು, ಅದನ್ನ ಬಿಟ್ಟು ಬೇರೆ ಅಡಿಗೆ ಮಾಡಿಸ್ಕೊಳ್ಳೋದು ಅಮ್ಮಂಗೆ ಕಷ್ಟ. ಮೊಟ್ಟೆ ಮನೆಗೆ ತರಂಗಿಲ್ಲ, ಹೊರಗೆ ತಿಂತೀನಿ, ಚಿಕನ್ ಇಲ್ಲ. ಬೆಳಗ್ಗೆಯಿಂದ ರಾತ್ರಿವರೆಗೂ ಏನೇನ್ ತಿನ್ಬೇಕು, ವೇ ಪ್ರೋಟೀನ್ (ಹಾಲಿಂದ ತೆಗೆದ ಪ್ರೋಟೀನ್ ಪುಡಿ) ತಗೊಳ್ಳೇಬೇಕಾ, ಗೊತ್ತಿದ್ದೋರು ಹೇಳ್ರಿ.

ಕೋಟೆನಾಡು_ಗರಡಿ:
ರೊಟ್ಟಿ ಬಿಡಬ್ಯಾಡ್ರಿ ಮೊದ್ಲು. ರೊಟ್ಟಿಯಿಂದ ಯಾರೂ ದಪ್ಪ ಆಗಲ್ಲ, ಒಟ್ಟು ತಿನ್ನೋದು ಖರ್ಚಾಗೋದಕ್ಕಿಂತ ಜಾಸ್ತಿ ಆದ್ರೆ ಆಗ್ತಾರೆ. ನಿಮ್ಮ ಹೈಟು ತೂಕಕ್ಕೆ ದಿನಕ್ಕೆ ಸುಮಾರು 2,000 ಕ್ಯಾಲರಿಯಿಂದ ಶುರು ಮಾಡಿ. ತೂಕ ವಾರಕ್ಕೆ ಅರ್ಧ ಕೆಜಿ ಆಸುಪಾಸು ಇಳೀತಿದ್ರೆ ಅದೇ ಮುಂದುವರೆಸಿ, ಅದಕ್ಕಿಂತ ಭಾಳ ಜೋರಾಗಿ ಇಳಿದ್ರೆ ಮಸಲ್ಲೂ ಜೊತೆಗೆ ಹೋಗುತ್ತೆ.

ಮಸಲ್ ಉಳಿಸೋದು ಎರಡು, ಭಾರ ಎತ್ತೋದು ಮತ್ತೆ ಪ್ರೋಟೀನ್. ತೂಕದ ಪ್ರತಿ ಕೆಜಿಗೆ 1.6 ಗ್ರಾಂ ಅಂತ ಲೆಕ್ಕ, ನೀವು 75 ಕೆಜಿಗೆ ಇಳೀಬೇಕು ಅಂದ್ಕೊಂಡ್ರೆ 120 ಗ್ರಾಂ. ಕೇಳೋಕೆ ದೊಡ್ಡದು ಅನ್ಸುತ್ತೆ, ಆದ್ರೆ ಕೂಡಿಸ್ತಾ ಹೋಗಿ. ಜಿಮ್ ಮುಗಿಸ್ಕೊಂಡು ಹೊರಗೇ ಬೇಯಿಸಿದ ಮೂರು ಮೊಟ್ಟೆ ತಿಂದ್ರೆ 18 ಗ್ರಾಂ, ಮನೆಗೆ ಬಂದು ಒಂದು ಬಟ್ಟಲು ಹೆಸರುಕಾಳು ಮೊಳಕೆ, ಒಣಕಾಳು 50 ಗ್ರಾಂ ನೆನೆ ಹಾಕಿದ್ರೆ ಅದ್ರಲ್ಲಿ 12. ಮಧ್ಯಾಹ್ನ ಎರಡು ರೊಟ್ಟಿ, ಅಷ್ಟೇ ಕಾಳಿನ ಗಟ್ಟಿ ಪಲ್ಯ, ಮೇಲೆ ಒಂದು ದೊಡ್ಡ ಬಟ್ಟಲು ಮೊಸರು, ಇಷ್ಟಕ್ಕೆ 30ರ ಹತ್ರ. ರಾತ್ರಿ ಸೋಯಾ ಚಂಕ್ಸ್ ಒಣದು 50 ಗ್ರಾಂ ಅಂದ್ರೆ 26 ಗ್ರಾಂ ಪ್ರೋಟೀನ್, ಇಷ್ಟು ಅಗ್ಗಕ್ಕೆ ಬೇರೆ ಯಾವುದೂ ಸಿಗಲ್ಲ, ಜೊತೆಗೆ ಸಣ್ಣ ರಾಗಿ ಮುದ್ದೆ. ಇನ್ನೂ 25ರಿಂದ 30 ಕಮ್ಮಿ ಬೀಳುತ್ತೆ, ಅಲ್ಲಿಗೆ ಒಂದು ಸ್ಕೂಪ್ ವೇ ಹಾಕ್ಕೊಂಡ್ರೆ ಸಲೀಸು. ಕಡ್ಡಾಯ ಏನಿಲ್ಲ, ಬ್ಯಾಡ ಅಂದ್ರೆ ಪನೀರ್ 100 ಗ್ರಾಂ, ಮೇಲೊಂದು ಲೋಟ ಹಾಲು.

ತಿಳಿಸಾರನ್ನ ಮಾತ್ರ ಪ್ರೋಟೀನ್ ಲೆಕ್ಕಕ್ಕೆ ತಗೋಬ್ಯಾಡ್ರಿ, ಅದ್ರಲ್ಲಿ ಬೇಳೆ ಎಷ್ಟಿರುತ್ತೆ ಅಂತ ಸೌಟು ಹಾಕಿ ನೋಡಿದ್ರೆ ಗೊತ್ತಾಗುತ್ತೆ.

ಅಡಿಗೆಮನೆ_ಅಕ್ಕ:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಎಣ್ಣೆ ವಿಷ್ಯ ಬಿಟ್ಟಾರೆ. ಒಂದು ದೊಡ್ಡ ಚಮಚ ಎಣ್ಣೆ ಅಂದ್ರೆ 120 ಕ್ಯಾಲರಿ ತಮ್ಮಾ, ನಾವು ಒಗ್ಗರಣೆಗೆ ಬಾಟ್ಲಿ ಬಗ್ಗಿಸಿ ಹಾಕಿದ್ರೆ ಎಷ್ಟು ಬಿತ್ತು ಅಂತ ಯಾರಿಗೂ ಗೊತ್ತಾಗಲ್ಲ. ನಾನು ನಮ್ಮನೆಯವ್ರಿಗೆ ಶುಗರ್ ಬಂದ್ಮೇಲೆ ವಾರದ ಎಣ್ಣೆ ಒಂದು ಸಣ್ಣ ಡಬ್ಬಿಗೆ ಅಳೆದು ಹಾಕಿಡ್ತೀನಿ, ಅದು ಮುಗಿದ್ರೆ ಮುಗೀತು. ಇನ್ನ ಶೇಂಗಾ. ನಮ್ಮ ಕಡೆ ಚಳ್ಳಕೆರೆ ಶೇಂಗಾ ಇಲ್ದೆ ಅಡಿಗೆನೇ ಇಲ್ಲ. ಪ್ರೋಟೀನ್ ಐತೆ ಅಂತ ಎಲ್ರೂ ಮುಕ್ಕತಾರೆ, 100 ಗ್ರಾಂ ಶೇಂಗಾದಲ್ಲಿ ಪ್ರೋಟೀನ್ 25 ಗ್ರಾಂ ಇದ್ರೆ ಕೊಬ್ಬು ಅದರ ಡಬಲ್ ಹತ್ರ ಐತೆ. ರೊಟ್ಟಿ ಜೊತೆ ಚಟ್ನಿಪುಡಿ ಒಂದು ಚಮಚ ಸಾಕು, ಅದಕ್ಕೆ ಎಣ್ಣೆ ಬದ್ಲು ಮೊಸರು ಹಾಕಿ ಕಲ್ಸ್ಕೊಳ್ರಿ, ರುಚಿ ಏನೂ ಕಮ್ಮಿ ಆಗಲ್ಲ. ಅಮ್ಮಂಗೆ ಬೇರೆ ಅಡಿಗೆ ಮಾಡು ಅನ್ಬ್ಯಾಡ, ಪಲ್ಯಕ್ಕೆ ಕಾಳು ಒಂದು ಹಿಡಿ ಜಾಸ್ತಿ ನೆನೆಹಾಕು ಅಂತ ಹೇಳು, ಅಷ್ಟೇ.

ಕುಂದವಾಡ_ಕೆರೆ_ವಾಕರ್:
ಅಕ್ಕ, ಅಣ್ಣ ಇಬ್ರಿಗೂ ಥ್ಯಾಂಕ್ಸ್. ಸಂಜೆ ಫ್ರೆಂಡ್ಸ್ ಜೊತೆ ಮಂಡಕ್ಕಿ ಮಿರ್ಚಿ ರೂಢಿ ಐತೆ, ಭಾನುವಾರ ಬೆಣ್ಣೆ ದೋಸೆ. ಎರಡೂ ಬಿಡ್ಬೇಕಾ? ಮತ್ತೆ ಡಯಟ್ ಮಾಡುವಾಗ ಕಮ್ಮಿ ವೇಟ್ ಇಟ್ಟು ಜಾಸ್ತಿ ರೆಪ್ಸ್ (ಒಂದೇ ಸಮ ಎತ್ತಿ ಇಳಿಸೋ ಸಲ) ಹೊಡೆದ್ರೆ ಕೊಬ್ಬು ಬೇಗ ಕರಗುತ್ತೆ ಅಂತಾರಲ್ಲ?

ಕೋಟೆನಾಡು_ಗರಡಿ:
ಅದು ತಪ್ಪು. ಈಗ ಎಷ್ಟು ಭಾರ ಎತ್ತುತೀರೋ ಅದನ್ನೇ ಹಿಡ್ಕೊಳ್ರಿ, ಸುಸ್ತಾದ್ರೆ ಒಂದೆರಡು ಸೆಟ್ (ಮಧ್ಯೆ ನಿಲ್ಲಿಸ್ದೆ ಹೊಡೆಯೋ ಒಂದು ಸುತ್ತು ರೆಪ್ಸ್) ಕಮ್ಮಿ ಮಾಡಿ, ವೇಟ್ ಇಳಿಸಬ್ಯಾಡ್ರಿ. ಭಾರ ಎತ್ತೋ ಕೆಲ್ಸ ಇದ್ರೇನೇ ದೇಹ ಮಸಲ್ ಇಟ್ಕೊಳ್ಳುತ್ತೆ. ಕೊಬ್ಬು ಇಳಿಸೋದು ಊಟದಿಂದ ಮತ್ತೆ ನಿಮ್ಮ ಕೆರೆ ವಾಕಿಂಗ್‌ನಿಂದ. ರಾತ್ರಿ ಏಳು ತಾಸಾದ್ರೂ ನಿದ್ದೆ ಮಾಡಿ, ನಿದ್ದೆ ಕೆಟ್ರೆ ಹಸಿವು ಹಿಡಿತಕ್ಕೆ ಸಿಗಲ್ಲ.

ಮಂಡಕ್ಕಿ ಹಗುರ, ತೊಂದ್ರೆ ಇರೋದು ಮಿರ್ಚಿಲಿ. ಮಂಡಕ್ಕಿಗೆ ಈರುಳ್ಳಿ ಟೊಮ್ಯಾಟೊ ಜಾಸ್ತಿ ಹಾಕಿಸ್ಕೊಂಡು ಒಂದೇ ಮಿರ್ಚಿ ತಗೊಳ್ರಿ, ಅದೂ ದಿನಾ ಬ್ಯಾಡ. ಬೆಣ್ಣೆ ದೋಸೆ ಬಿಡು ಅಂತ ದಾವಣಗೆರೆಯವ್ರಿಗೆ ನಾನ್ಯಾಕೆ ಹೇಳ್ಲಿ, ಭಾನುವಾರ ತಿನ್ರಿ, ಮೇಲೆ ಎಕ್ಸ್‌ಟ್ರಾ ಬೆಣ್ಣೆ ಬ್ಯಾಡ ಅನ್ರಿ, ಅವತ್ತು ಮಧ್ಯಾಹ್ನ ಅನ್ನ ಬಿಟ್ಟು ಕಾಳು ಮೊಸರು ಉಣ್ರಿ.

ಅಡಿಗೆಮನೆ_ಅಕ್ಕ:
ಒಂದು ಮಾತು, ಕಿಡ್ನಿ ತೊಂದ್ರೆ ಏನಾದ್ರೂ ಇದ್ರೆ ಪ್ರೋಟೀನ್ ಹೆಚ್ಚಿಸೋ ಮುಂಚೆ ಡಾಕ್ಟರ್ ಹತ್ರ ಕೇಳ್ಕೋ. ಕಾಳು ಒಮ್ಮೆಲೇ ಜಾಸ್ತಿ ಮಾಡಿದ್ರೆ ಗ್ಯಾಸ್ ಆಗುತ್ತೆ, ನೆನೆಸಿದ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸೋಕೆ ಹೇಳು ಅಮ್ಮಂಗೆ.