ಹಂದಿ ಪಕ್ಕೆಲುಬಿಗೆ ಕಿತ್ತಳೆ ಹಾಕಿದ್ರೆ ಕಹಿ ಯಾಕೆ?

ಪ್ರಶ್ನೆ: 1 ಕಿಲೋ ಪಕ್ಕೆಲುಬು, 2 ಕೊಡಗಿನ ಕಿತ್ತಳೆ, ಚಕ್ಕೆ, ಲವಂಗ, 2 ಚಮಚ ಕಾಚಂಪುಳಿ (ಕೊಡಗಿನ ಕಪ್ಪು, ಗಟ್ಟಿ ಹುಳಿ ರಸ). ಎಲ್ಲ ಒಟ್ಟಿಗೇ ಹಾಕಿ 1 ಗಂಟೆ ಬೇಯಿಸಿದ್ದು. ಸಾರು ಕಹಿ, ಮಾಂಸ ರಬ್ಬರ್. ತಪ್ಪೆಲ್ಲಿ?

ಉತ್ತರ 1: ಪಕ್ಕೆಲುಬು ಮೆತ್ತಗಾಗೋಕೆ 1 ಗಂಟೆ ಸಾಲಲ್ಲ. ಉಪ್ಪು, ಅರಿಶಿನ, ಈರುಳ್ಳಿ ಜೊತೆ ಸಣ್ಣ ಉರೀಲಿ ಒಂದೂವರೆ ಗಂಟೆ ಇಡಿ. ಎಲುಬಿನ ತುದಿಯಿಂದ ಮಾಂಸ ಅರ್ಧ ಇಂಚು ಹಿಂದೆ ಸರಿದಿರಬೇಕು. ಕಾಚಂಪುಳಿ ಕೊನೆಯ 10 ನಿಮಿಷಕ್ಕೆ, ಕಿತ್ತಳೆ ಇರೋದ್ರಿಂದ 1 ಚಮಚ ಸಾಕು.

ಉತ್ತರ 2: ಕಿತ್ತಳೆ ಮಿಕ್ಸಿಗೆ ಹಾಕಿದ್ರಾ? ಬೀಜ, ಬಿಳಿ ನಾರು ಅರೆದರೆ ಕಹಿ ಗ್ಯಾರಂಟಿ. ಕೈಯಲ್ಲಿ ಹಿಂಡಿ, ಸೋಸಿ, ಒಲೆ ಆರಿಸೋ 5 ನಿಮಿಷ ಮುಂಚೆ ಹಾಕಿ.

ಉತ್ತರ 3: ಮಸಾಲೆನೂ ನೋಡ್ಕೊಳ್ಳಿ. ಕೊತ್ತಂಬರಿ, ಜೀರಿಗೆ, ಕರಿಮೆಣಸು ಕಡು ಕಂದು ಆಗೋವರೆಗೆ ಹುರೀಬೇಕು, ಆದ್ರೆ ಘಾಟು ಹೊಗೆ ಬಂತಂದ್ರೆ ಸೀದಿದೆ, ಎಸೆದುಬಿಡಿ. ಮೆಂತ್ಯ ಕಾಲು ಚಮಚ ಮೀರಬಾರದು.