ಸಹಾಯ ಬೇಕು: ಸುಂಡೆ ಬೇರಿಗೆ ಕಟ್ಟಿದ ಬದನೆ ಕಸಿ ಮಳೆಗಾಲದಲ್ಲಿ ನಿಲ್ತಿಲ್ಲ

ನಮಸ್ಕಾರ. ಜಾಗ ತೀರ್ಥಹಳ್ಳಿ ಕಡೆ, ಹಿತ್ತಲಲ್ಲಿ ಜಂಬಿಟ್ಟಿಗೆ ಮಣ್ಣು. ಬದನೆ ಹೂ ಬಿಡೋ ಹೊತ್ತಿಗೆ ಎಲೆ ಹಸಿರಿದ್ದಂಗೇ ಬಾಡಿ, ಮೂರ್ನಾಲ್ಕು ದಿನದಲ್ಲಿ ಗಿಡ ಹೋಗುತ್ತೆ. ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ಇಳಿಬಿಟ್ಟರೆ ಐದು ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಇಳಿಯುತ್ತೆ. ಅಂದ್ರೆ ಬ್ಯಾಕ್ಟೀರಿಯಾ ಸೊರಗು, ಶಿಲೀಂಧ್ರದ್ದಲ್ಲ. ಟ್ರೈಕೋಡರ್ಮಾ (ಶಿಲೀಂಧ್ರ ರೋಗಕ್ಕೆ ಹಾಕೋ ಜೈವಿಕ ಗೊಬ್ಬರದಂಥದ್ದು) ಹಾಕಿ ಅನ್ನೋ ಸಲಹೆ ದಯವಿಟ್ಟು ಬೇಡ.

ಒಂದಡಿ ಏರುಮಡಿ ಮಾಡಿ, ಸುಣ್ಣ ಕೊಟ್ಟು, ಎರಡು ವರ್ಷ ಅಲ್ಲಿ ಟೊಮೆಟೊ, ಮೆಣಸಿನಕಾಯಿ ಹಾಕದೆ ಬರೀ ಜೋಳ, ಅಲಸಂದೆ ಬೆಳೆದಾಯ್ತು. ಕಡಿಮೆ ಆಯ್ತೇ ಹೊರತು ಹೋಗಲಿಲ್ಲ.

ಉಳಿದಿದ್ದು ಈ ಸೊರಗು ತಡೆಯೋ ಸುಂಡೆ (ಬದನೆ ಜಾತಿಯ ಕಾಡುಗಿಡ) ಬೇರಿಗೆ ಕಸಿ. ಸುಂಡೆ ಮೊಳೆಯೋದು ನಿಧಾನ, ಅದಕ್ಕೇ ಬದನೆಗಿಂತ ಒಂದು ತಿಂಗಳು ಮೊದಲೇ ಬಿತ್ತಿದ್ದು. ಎರಡೂ ಕಾಂಡ ಒಂದೇ ದಪ್ಪ ಆದಮೇಲೆ ಸೀಳುಕಸಿ (ಸುಂಡೆ ಕಾಂಡ ಸೀಳಿ ಅದರೊಳಗೆ ಬದನೆ ಕುಡಿ ಸಿಕ್ಕಿಸೋದು) ಕಟ್ಟಿ, ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಟ್ಟರೆ ಹತ್ತರಲ್ಲಿ ಏಳು ಕೂಡುತ್ತೆ. ತೊಂದರೆ ಆಮೇಲಿನದು. ಎಂಟನೇ ದಿನ ಕವರ್ ತೆಗೆದರೆ ಮಾರನೇ ದಿನಕ್ಕೆ ಕುಡಿ ಜೋತುಬೀಳುತ್ತೆ. ತೆಗೆಯದಿದ್ದರೆ ಜುಲೈ ತಂಡಿಗೆ ಕಸಿಗಂಟೇ ಕಪ್ಪಾಗಿ ಕೊಳೆಯುತ್ತೆ.

ಮಲೆನಾಡಲ್ಲಿ ಬದನೆ ಕಸಿ ಕಟ್ಟಿದವರು ಹೇಳಿ: ಮಳೆಗಾಲದಲ್ಲಿ ಕವರ್ ಎಷ್ಟನೇ ದಿನದಿಂದ, ದಿನಕ್ಕೆ ಎಷ್ಟು ಹೊತ್ತು ತೆಗೆದಿಡಬೇಕು? ಇಲ್ಲಾ ಕಸಿ ಕೆಲಸ ಏಪ್ರಿಲ್‌ನಲ್ಲೇ ಮುಗಿಸಿಬಿಡಬೇಕಾ?