ಅಪ್‌ಡೇಟ್: ತಂಗಿಯ ಹೆಸರು ಮೆರಿಟ್ ಪಟ್ಟಿಗೆ ಸೇರಿತು

ಹಿಂದೆ ನಾನು ಕೇಳಿದ್ದು ಇಷ್ಟು: ಮರುಮೌಲ್ಯಮಾಪನದಲ್ಲಿ ತಂಗಿಗೆ ಅಂಕ ಜಾಸ್ತಿ ಬಂದಿದ್ದರೂ ವಿಶ್ವವಿದ್ಯಾಲಯದವರು ಹಳೆಯ ಅಂಕವನ್ನೇ ಹಿಡಿದು ಮೆರಿಟ್ ಸ್ಕಾಲರ್‌ಶಿಪ್ ಪಟ್ಟಿ ಮಾಡಿ ಅವಳನ್ನು ಬಿಟ್ಟಿದ್ದಾರೆ, ಮೇಲ್ಮನವಿ ಹಾಕಿದರೆ ಪ್ರಯೋಜನ ಇದೆಯಾ ಅಂತ. ಇದೆ. ಕಳೆದ ವಾರ ಆದೇಶ ಬಂತು.

ಮನೆಯ ಕಷ್ಟವನ್ನೆಲ್ಲ ಬರೆಯೋಣ ಅಂತ ಅಪ್ಪ ಹೇಳುತ್ತಿದ್ದರು. ಬೇಡ ಅಂದೆ. ಮೆರಿಟ್ ಅಂದಮೇಲೆ ಅಂಕದ ಮಾತೇ ಆಡಬೇಕು, ಅಲ್ವಾ? ಒಂದೇ ಪುಟದ ಅರ್ಜಿ ಬರೆದೆವು. ಎರಡೂ ಅಂಕಪಟ್ಟಿಯ ಜೆರಾಕ್ಸ್ ಲಗತ್ತಿಸಿ, ಬದಲಾದ ಅಂಕದ ಕೆಳಗೆ ಗೆರೆ ಎಳೆದೆವು. ಮರುಮೌಲ್ಯಮಾಪನದ ಫಲಿತಾಂಶ ಬಂದ ದಿನಾಂಕ, ಪಟ್ಟಿ ಹೊರಬಿದ್ದ ದಿನಾಂಕ ಎರಡನ್ನೂ ಹಾಕಿದೆವು. ಫಲಿತಾಂಶವೇ ಮೊದಲು ಬಂದಿತ್ತು ಅನ್ನುವುದು ಅಲ್ಲೇ ಕಾಣುತ್ತಿತ್ತು.

ವಿಶ್ವವಿದ್ಯಾಲಯದ ಟಪಾಲು ವಿಭಾಗದಲ್ಲಿ ನಮ್ಮ ಪ್ರತಿಯ ಮೇಲೆ ಸೀಲು, ಇನ್‌ವರ್ಡ್ ನಂಬರ್ (ಅರ್ಜಿ ಸ್ವೀಕರಿಸಿದ್ದಕ್ಕೆ ಕೊಡುವ ಸಂಖ್ಯೆ) ಹಾಕಿಸಿಕೊಳ್ಳಿ ಅಂತ ನಿಮ್ಮಲ್ಲೊಬ್ಬರು ಹೇಳಿದ್ದಿರಿ. ಅವರಿಗೆ ಕೈಮುಗಿಯುತ್ತೇನೆ. ವಿಶ್ವವಿದ್ಯಾಲಯದವರು "ಅರ್ಜಿ ಬಂದೇ ಇಲ್ಲ" ಅಂದಾಗ ಕೈ ಹಿಡಿದದ್ದು ಆ ನೀಲಿ ಸೀಲೇ. ಆಮೇಲೂ ಸುಮ್ನೆ ಕೂತಿದ್ದರು. ದಾವಣಗೆರೆಯ ಅಂಚೆ ಕಚೇರಿಯಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ತಗೊಂಡು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿದೆವು: ಪಟ್ಟಿಗೆ ಯಾವ ಅಂಕ ಹಿಡಿದಿರಿ, ಯಾವ ನಿಯಮದಡಿ? 2005ರ ಕಾಯ್ದೆ ಪ್ರಕಾರ 30 ದಿನದಲ್ಲಿ ಉತ್ತರ ಕೊಡಬೇಕು. ಫೈಲ್ ಓಡಿದ್ದು ಅದಾದ ಮೇಲೆಯೇ.

ದುಡ್ಡು ಇನ್ನೂ ಬಂದಿಲ್ಲ. ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೇ ಹೋಗುತ್ತದೆ. ಅವಳದ್ದು ಯಾವುದೋ ಹಳೆಯ ಖಾತೆಗೆ ಜೋಡಣೆಯಾಗಿದೆ. ಸೋಮವಾರ ಬ್ಯಾಂಕಿಗೆ ಹೋಗಿ ಬದಲಾಯಿಸುತ್ತೇವೆ.